ಕಾಯಕಕ್ಕೆ ಹೋಗುವ ದಾರಿ

ಕಾಯಕ ತತ್ತ್ವದ ವಿವರಣೆಯು ಸದ್ಭಕ್ತರಿಗೆ ಹೊಸತಲ್ಲ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಮೇದಾರ ಕೇತಯ್ಯನು ಬಿದಿರು ಕಡಿದು ಬುಟ್ಟಿ ಹೆಣೆದನು. ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದನು. ಈ ಶರಣರ ಬಾಳಿನ ಒಂದು ಸಣ್ಣ ಸಂಗತಿಯನ್ನು ಮಾತ್ರ ವ್ಯಾಖ್ಯಾನಕಾರರು ಅಷ್ಟಾಗಿ ಗಮನಿಸಿದಂತಿಲ್ಲ. ಅವರ ಮನೆಗೂ ಅವರ ಕಾಯಕಕ್ಕೂ ನಡುವೆ ಇದ್ದುದು ಕಾಲ್ನಡಿಗೆಯ ದೂರ. ಮಗ್ಗವು ಮನೆಯೊಳಗೇ ಇದ್ದಿತು, ಕುಲುಮೆಯು ಅಂಗಳದಲ್ಲಿದ್ದಿತು, ಹೊಲವು ಊರ ಮುಂದಿದ್ದಿತು. ತೊಟ್ಟಿಲಲ್ಲಿ ಕೂಸು ಅತ್ತರೆ ತಾಯಿಯು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬಂದು ಎತ್ತಿಕೊಳ್ಳಬಹುದಾಗಿದ್ದಿತು. ಆಚೆಯ ದಡದಲ್ಲಿ ಕೆಲಸವಿದ್ದವನಿಗೆ ಅಂಬಿಗರ ಚೌಡಯ್ಯನಂಥವನ ದೋಣಿ ಬೇಕಾಗುತ್ತಿದ್ದಿತು. ಜನರನ್ನು ಹೊಳೆ ದಾಟಿಸುವುದೂ ಒಂದು ಕಾಯಕವೆಂದು ಶರಣರ ಸಮಾಜವು ಮನ್ನಿಸಿತೆಂಬುದು ಇಲ್ಲಿ ನೆನೆಯತಕ್ಕ ವಿಷಯ.

ಇಂದಿನ ಬಡ ದುಡಿಮೆಗಾರನ ಸ್ಥಿತಿ ಬೇರೆ. ಅವನ ಮನೆ ಒಂದು ಕಡೆ, ಅವನ ಅನ್ನ ಇನ್ನೊಂದು ಕಡೆ. ಪಟ್ಟಣದ ನಡುವೆ ಬಾಡಿಗೆ ಏರಿದಂತೆಲ್ಲ ಕೂಲಿಯ ಸಂಸಾರಗಳು ಊರ ಅಂಚಿಗೆ ಸರಿದುವು. ಎಷ್ಟೋ ಸಂಸಾರಗಳು ಹಳ್ಳಿಯನ್ನು ಬಿಡದೆ ದಿನವೂ ಪಟ್ಟಣಕ್ಕೆ ಹೋಗಿಬರುವುದನ್ನೇ ಲೇಸೆಂದು ತಿಳಿದುವು. ಹೀಗೆ ಮನೆಗೂ ಕಾಯಕಕ್ಕೂ ನಡುವೆ ಇಪ್ಪತ್ತು ಮೂವತ್ತು ಮೈಲಿಗಳ ಒಂದು ಹೊಳೆ ಹರಿಯತೊಡಗಿತು. ದುಡಿಯುವ ಮನಸ್ಸೂ ಕೈಯ ಕಸುಬೂ ಇದ್ದು, ಕೆಲಸ ಕೊಡುವವನೂ ಇದ್ದು, ದಾಟುವ ದೋಣಿಯೊಂದು ಇಲ್ಲದ ಕಾರಣಕ್ಕೆ ಕಾಯಕವು ಕೈಬಿಡುವುದೆಂದರೆ ಅದು ಆ ಸಂಸಾರದ ದುರದೃಷ್ಟವಷ್ಟೇ ಅಲ್ಲ, ಸಮಾಜವು ವಿಚಾರಿಸಬೇಕಾದ ವಿಷಯವೂ ಹೌದು.

ಒಂದು ನಿದರ್ಶನವನ್ನು ಕಲ್ಪಿಸಿಕೊಂಡು ನೋಡಬಹುದು. ಬೆಂಗಳೂರಿನ ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಯ ಕಡೆಗಳಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ಜನರು ಅವನ್ನು ಗಾರ್ಮೆಂಟ್ಸ್ ಎಂದೇ ಕರೆಯುತ್ತಾರೆ. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಎಳೆಯ ಮಕ್ಕಳ ತಾಯಂದಿರು ಬಹಳ. ರಾಮನಗರದ ಸುತ್ತಣ ಒಂದು ಹಳ್ಳಿಯಿಂದ ಬರುವ ತಾಯಿಯು ನಸುಕಿನಲ್ಲೆದ್ದು ಮುದ್ದೆ ತಿರುವಿ, ಮಕ್ಕಳಿಗೆ ತಲೆ ಬಾಚಿ, ಚಿಕ್ಕದನ್ನು ಅತ್ತೆಯ ಮಡಿಲಿಗಿತ್ತು, ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಊರ ಬಾಗಿಲಿಗೆ ಓಡುತ್ತಾಳೆ. ಕಾರ್ಖಾನೆಯ ಬಾಗಿಲು ಒಂಬತ್ತಕ್ಕೆ. ಯಂತ್ರಗಳು ಸಾಲಾಗಿ ಇರುವ ಲೈನಿನಲ್ಲಿ ಒಬ್ಬಳ ಜಾಗ ಖಾಲಿಯಾದರೆ ಅವಳ ಕೈಯಿಂದ ಮುಂದಿನವಳ ಕೈಗೆ ಹೋಗಬೇಕಾದ ಬಟ್ಟೆಯ ರಾಶಿ ನಿಲ್ಲುತ್ತದೆ. ಗಂಟೆಗಿಷ್ಟೆಂದು ಗೊತ್ತುಮಾಡಿದ ಟಾರ್ಗೆಟ್ ತಪ್ಪುತ್ತದೆ. ಸೂಪರ್‌ವೈಸರನ ಬಾಯಿ ಬಿಚ್ಚುತ್ತದೆ. ಹಳ್ಳಿಯ ಬಸ್ಸು ಬಾರದೆ ಹೋದರೆ ಮುಂದಿನದು ಒಂದು ಗಂಟೆಯ ಮೇಲೆ. ಅರ್ಧ ಗಂಟೆ ತಡವಾಗಿ ಬಂದವಳಿಗೆ ಒಂದು ದಿನ ಬೈಗುಳ, ಇನ್ನೊಂದು ದಿನ ಅರ್ಧ ದಿನದ ಕೂಲಿಗೆ ಕತ್ತರಿ, ತಿಂಗಳ ಕೊನೆಗೆ ತಪ್ಪದೆ ಬಂದವರಿಗೆ ಕೊಡುವ ಹಾಜರಿ ಭತ್ಯೆಯೂ ಇಲ್ಲ. ನಾಲ್ಕನೆಯ ಸಲ ಅವಳೇ ಬರುವುದನ್ನು ನಿಲ್ಲಿಸುತ್ತಾಳೆ. ಪುಸ್ತಕದಲ್ಲಿ ಅವಳು ಕೆಲಸವನ್ನು ತಾನಾಗಿಯೇ ಬಿಟ್ಟಳೆಂದು ಬರೆಯಲಾಗುತ್ತದೆ.

ಹಣದ ಲೆಕ್ಕವನ್ನೂ ಕೂಡಿಸಿ ನೋಡಬೇಕು. ತಿಂಗಳಿಗೆ 12,000 ರೂಪಾಯಿ ಕೈಗೆ ಬರುವ ಸಂಸಾರದಲ್ಲಿ ಹೋಗಿಬರುವ ಖರ್ಚು ದಿನಕ್ಕೆ 50 ರೂಪಾಯಿ ಎಂದಿರಲಿ. 26 ದಿನಗಳಿಗೆ 1,300 ರೂಪಾಯಿ. ದುಡಿದುದರಲ್ಲಿ ಹತ್ತರಲ್ಲಿ ಒಂದು ಪಾಲಿಗೂ ಮಿಗಿಲು ದಾರಿಯಲ್ಲೇ ಸಂದುಹೋಯಿತು. ಉಳ್ಳವನಿಗೆ 50 ರೂಪಾಯಿ ಒಂದು ಹೊತ್ತಿನ ತಿಂಡಿಯ ಬೆಲೆ. ಈ ತಾಯಿಗೆ ಅದು ಹಾಲು, ಅದು ಔಷಧ. ಮನೆಯ ಹತ್ತಿರವೇ ಎಂಟು ಸಾವಿರಕ್ಕೆ ಒಂದು ಕೆಲಸ ಸಿಕ್ಕರೆ, ದೂರದ ಹನ್ನೆರಡು ಸಾವಿರಕ್ಕಿಂತ ಅದೇ ವಾಸಿಯೆಂದು ಅವಳಿಗೆ ತೋರಿದರೆ ಅವಳನ್ನು ಆಡಿಕೊಳ್ಳುವಂತಿಲ್ಲ. ಪೇಟೆಯಲ್ಲಿ ಕೂತವರು ‘ಇವರಿಗೆ ದುಡಿಯಲು ಮನಸ್ಸಿಲ್ಲ’ ಎಂದು ತೀರ್ಪು ಕೊಡುವುದು ಸುಲಭ. ಬಸ್‌ಸ್ಟಾಂಡಿನಲ್ಲಿ ನಿಂತು ಗಡಿಯಾರ ನೋಡಿಕೊಳ್ಳುವ ಕಷ್ಟ ಅವರಿಗೆ ಇಲ್ಲ.

ಈ ಕಷ್ಟವು ನಮ್ಮ ದೇಶದ್ದೊಂದೇ ಅಲ್ಲ. ಸಂಪತ್ತಿಗೆ ಹೆಸರಾದ ಅಮೆರಿಕದಲ್ಲಿಯೂ ಇದನ್ನು ಕುರಿತು ಅರ್ಧ ಶತಮಾನಕ್ಕೂ ಮಿಕ್ಕಿ ವಿಚಾರ ನಡೆದಿದೆ. 1965ರಲ್ಲಿ ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕೇರಿಯಲ್ಲಿ ದೊಡ್ಡ ದೊಂಬಿಯಾಯಿತು. ಅದರ ಕಾರಣಗಳನ್ನು ವಿಚಾರಿಸಲು ನೇಮಕವಾದ ಮೆಕೋನ್ ಆಯೋಗವು ಅದೇ ವರ್ಷದ ಕೊನೆಯಲ್ಲಿ ಸಲ್ಲಿಸಿದ ವರದಿಯಲ್ಲಿ, ಅಲ್ಲಿಯ ಬಡ ಕರಿಯ ಜನರಿಗೆ ಕೆಲಸದ ಜಾಗಗಳಿಗೆ ಹೋಗಲು ಸಾಕಷ್ಟು ಬಸ್ಸುಗಳಿಲ್ಲವೆಂಬುದನ್ನೂ ಒಂದು ಕೊರತೆಯೆಂದು ಎತ್ತಿ ಹೇಳಿತು. 1968ರಲ್ಲಿ ಜಾನ್ ಕೇನ್ ಎಂಬ ಅರ್ಥಶಾಸ್ತ್ರಜ್ಞನು ಡೆಟ್ರಾಯಿಟ್ ಮತ್ತು ಷಿಕಾಗೋ ನಗರಗಳ ಅಂಕಿಗಳನ್ನು ಹಿಡಿದು, ಕಾರ್ಖಾನೆಗಳು ಊರಾಚೆಗೆ ಸರಿದಾಗ ಅವುಗಳ ಹಿಂದೆ ಮನೆ ಮಾಡಲು ಅವಕಾಶವಿಲ್ಲದ ಕರಿಯ ಜನರು ಕೆಲಸವನ್ನು ಕಳೆದುಕೊಳ್ಳುವ ಬಗೆಯನ್ನು ವಿವರಿಸಿದನು. ನಮ್ಮಲ್ಲಿ ಬಡವರು ಊರಂಚಿಗೆ ಸರಿದರೆ ಅಲ್ಲಿ ಕೆಲಸವೇ ಊರಂಚಿಗೆ ಸರಿಯಿತು. ದಿಕ್ಕು ಬೇರೆ, ದೂರ ಅದೇ.

1996ರಲ್ಲಿ ಆ ದೇಶದ ಸರ್ಕಾರವು ಬಡ ತಾಯಂದಿರಿಗೆ ಕೊಡುತ್ತಿದ್ದ ನೆರವಿಗೆ ಕಾಲದ ಮಿತಿಯನ್ನು ಹಾಕಿ, ದುಡಿಯಲೇಬೇಕೆಂದು ವಿಧಿಸಿತು. ದುಡಿಯಿರೆಂದು ಹೇಳಿದ ಮೇಲೆ ಹೋಗುವ ದಾರಿಯನ್ನೂ ತೋರಿಸಬೇಕಷ್ಟೆ. ಎರಡು ವರ್ಷಗಳ ಮೇಲೆ, 1998ರ ಸಾರಿಗೆ ಕಾಯಿದೆಯಲ್ಲಿ, ಬಡವರನ್ನು ಕೆಲಸದ ಜಾಗಗಳಿಗೆ ಮುಟ್ಟಿಸುವ ಬಸ್ಸು, ವ್ಯಾನುಗಳಿಗೆಂದೇ ವರ್ಷಕ್ಕೆ 15 ಕೋಟಿ ಡಾಲರುಗಳವರೆಗೆ ಅನುದಾನ ಕೊಡುವ ಏರ್ಪಾಡಾಯಿತು. ಇದರ ಸ್ವಾರಸ್ಯವೇನೆಂದರೆ, ಕಾರ್ಖಾನೆಯ ರಾತ್ರಿಪಾಳಿ ಬಿಡುವ ಹೊತ್ತಿಗೆ, ಭಾನುವಾರದ ದಿನ, ಮಾಮೂಲಿ ಬಸ್ಸು ಓಡದ ವೇಳೆಗೆ ಗಾಡಿ ಓಡಿಸಲು ಇದರಲ್ಲಿ ಎಡೆಯಿದ್ದಿತು. 2012ರ ಕಾಯಿದೆಯು ಈ ಪ್ರತ್ಯೇಕ ನಿಧಿಯನ್ನು ಸಾಮಾನ್ಯ ಸಾರಿಗೆ ಅನುದಾನಗಳಲ್ಲಿ ಬೆರೆಸಿಬಿಟ್ಟಿತು. ಪ್ರತ್ಯೇಕ ಹೆಸರಿನಲ್ಲಿರುವ ಹುಂಡಿಯೇ ಬೇರೆ, ಮನೆಯ ದೊಡ್ಡ ಪೆಟ್ಟಿಗೆಯಲ್ಲಿ ಬೆರೆತ ಹಣವೇ ಬೇರೆ ಎಂಬುದನ್ನು ಸಂಸಾರ ನಡೆಸುವವರು ಬಲ್ಲರು.

ಅಮೆರಿಕದ ಬಹುಪಾಲು ಊರುಗಳು ಮೋಟಾರು ಕಾರನ್ನು ನಂಬಿ ಕಟ್ಟಿದುವು. ಅಲ್ಲಿ ಕಾರಿಲ್ಲದವನು ಕಾಲಿಲ್ಲದವನಂತೆ. ಆದ ಕಾರಣ ಅಲ್ಲಿಯ ಕೆಲವು ಧರ್ಮಸಂಸ್ಥೆಗಳು ಬೇರೊಂದು ಹಾದಿಯನ್ನು ಹಿಡಿದುವು. 1984ರಲ್ಲಿ ಮಿನೆಸೋಟ ಸಂಸ್ಥಾನದಲ್ಲಿ ಮೆಕ್‌ನೈಟ್ ಪ್ರತಿಷ್ಠಾನದ ಬೆಂಬಲದಿಂದ, ಬ್ಯಾಂಕು ಸಾಲ ಕೊಡಲೊಪ್ಪದ ಬಡ ತಂದೆತಾಯಿಗಳಿಗೆ ಹಳೆಯ ಕಾರನ್ನು ಕೊಳ್ಳಲೋ ಇರುವುದನ್ನು ರಿಪೇರಿ ಮಾಡಿಸಲೋ ಸಣ್ಣ ಸಾಲ ಕೊಡುವ ಪದ್ಧತಿ ಮೊದಲಾಯಿತು. 1996ರಲ್ಲಿ ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್ನಿನಲ್ಲಿ ‘ಗುಡ್ ನ್ಯೂಸ್ ಗ್ಯಾರೇಜ್’ ಎಂಬ ಸಂಸ್ಥೆಯು ದಾನವಾಗಿ ಬಂದ ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಬಡ ಸಂಸಾರಗಳಿಗೆ ಕೊಡತೊಡಗಿತು. ಕಾರನ್ನು ದಾಸೋಹ ಮಾಡುವುದೇ ಎಂದು ನಗುವವರು ನಗಬಹುದು. ಕೆಲಸ ಮುಗಿಸಿ ಮಗುವನ್ನು ಕರೆದುಕೊಂಡು ಮನೆ ಸೇರಲು ಬೇರೆ ಉಪಾಯವಿಲ್ಲದ ಕಡೆ ಅದು ವಿಲಾಸದ ವಸ್ತುವಲ್ಲ. ಆದರೆ ಅದೇ ದೇಶದ ಕಾನೂನಿನ ವೈಪರೀತ್ಯವನ್ನು ನೋಡಿರಿ. ಬಡವರಿಗೆ ಆಹಾರದ ಚೀಟಿಯನ್ನು ಕೊಡುವ ಯೋಜನೆಯಲ್ಲಿ, 4,650 ಡಾಲರಿಗಿಂತ ಹೆಚ್ಚು ಬೆಲೆಯ ಗಾಡಿಯಿದ್ದರೆ ಆ ಹೆಚ್ಚಿನ ಬೆಲೆಯನ್ನು ಆಸ್ತಿಯೆಂದು ಎಣಿಸುವ ನಿಯಮವು ಬಹುಕಾಲ ನಡೆಯಿತು. ನಂಬಿ ಕೆಲಸಕ್ಕೆ ಹೋಗಬಲ್ಲಂಥ ಗಾಡಿಯನ್ನು ಇಟ್ಟುಕೊಂಡರೆ ಅನ್ನದ ಚೀಟಿ ಹೋಗುವ ಭಯ. ಚೀಟಿಗಾಗಿ ಗಾಡಿಯನ್ನು ಮಾರಿದರೆ ಕೆಲಸ ಹೋಗುವ ಭಯ. 2000ದ ಸುಮಾರಿಗೆ ಕಾನೂನನ್ನು ತಿದ್ದಿ ಸಂಸ್ಥಾನಗಳಿಗೆ ಈ ನಿಯಮವನ್ನು ಸಡಿಲಿಸುವ ಅಧಿಕಾರವನ್ನು ಕೊಡಬೇಕಾಯಿತು.

ನಮ್ಮ ನಾಡಿನ ದೋಣಿಯು ಬಸ್ಸು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳಿಂದ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಮುಂದೆ ಬೆಂಗಳೂರು ಮಹಾನಗರಕ್ಕೆ, ವಾಯವ್ಯ ಕರ್ನಾಟಕಕ್ಕೆ, ಕಲ್ಯಾಣ ಕರ್ನಾಟಕಕ್ಕೆ ಬೇರೆ ಬೇರೆ ನಿಗಮಗಳಾಗಿ ಈಗ ನಾಲ್ಕಾಗಿವೆ. ಹಳ್ಳಿಯ ಹುಡುಗನು ಪಾಸು ಹಿಡಿದು ಹೈಸ್ಕೂಲಿಗೆ ಹೋದದ್ದು ಈ ಕೆಂಪು ಬಸ್ಸಿನಲ್ಲಿ. ಅದೂ ಮುಟ್ಟದ ದೂರದ ಹಳ್ಳಿಯ ಮಕ್ಕಳಿಗೆ, ಶಾಲೆಯಿದ್ದೂ ದಾರಿಯಿಲ್ಲವೆಂಬುದನ್ನು ಅರಿತು, ತುಮಕೂರಿನ ಸಿದ್ಧಗಂಗೆಯೇ ಮೊದಲಾದ ಮಠಗಳು ಅನ್ನವಸತಿಗಳನ್ನು ಕೊಟ್ಟು ತಮ್ಮಲ್ಲಿಯೇ ಇರಿಸಿಕೊಂಡುವು. ದೂರವನ್ನು ಗೆಲ್ಲುವ ಇನ್ನೊಂದು ಉಪಾಯವದು. ಆದರೆ ಎಳೆಯ ಮಕ್ಕಳ ತಾಯಿಯನ್ನು ಕಾರ್ಖಾನೆಯ ಬಳಿ ಹಾಸ್ಟೆಲಿನಲ್ಲಿ ಇರಿಸುವಂತಿಲ್ಲ. ಅವಳು ದಿನವೂ ಹೋಗಬೇಕು, ದಿನವೂ ಹಿಂದಿರುಗಬೇಕು.

2023ರ ಜೂನ್ 11ರಂದು ಕರ್ನಾಟಕ ಸರ್ಕಾರವು ‘ಶಕ್ತಿ’ ಎಂಬ ಯೋಜನೆಯನ್ನು ಜಾರಿಗೆ ತಂದಿತು. ರಾಜ್ಯದ ನಿವಾಸಿಗಳಾದ ಹೆಂಗಸರೆಲ್ಲರೂ, ಲಿಂಗತ್ವ ಅಲ್ಪಸಂಖ್ಯಾತರೂ, ನಾಲ್ಕು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹಣ ಕೊಡದೆ ಪ್ರಯಾಣ ಮಾಡಬಹುದಾಯಿತು. ಐರಾವತ, ರಾಜಹಂಸಗಳಂಥ ಸುಖಾಸನದ ಬಸ್ಸುಗಳು ಇದಕ್ಕೆ ಸೇರಿಲ್ಲ. ಗುರುತಿನ ಚೀಟಿಯನ್ನು ತೋರಿಸಿದರೆ ನಿರ್ವಾಹಕನು ಶೂನ್ಯ ಟಿಕೇಟನ್ನು ಹರಿದುಕೊಡುತ್ತಾನೆ. ಆ ಟಿಕೇಟಿನ ಲೆಕ್ಕದ ಮೇಲೆ ಸರ್ಕಾರವು ನಿಗಮಕ್ಕೆ ಹಣವನ್ನು ತುಂಬಿಕೊಡಬೇಕು. ಆದುದರಿಂದ ‘ಹೇಗೂ ಬಿಟ್ಟಿಯಲ್ಲವೆ’ ಎಂದು ಟಿಕೇಟು ಪಡೆಯದೆ ಕುಳಿತುಕೊಳ್ಳುವುದು ನಿಗಮಕ್ಕೆ ನಷ್ಟವನ್ನು ತರುವ ನಡತೆ. ಈ ಸೂಕ್ಷ್ಮವನ್ನು ಎಷ್ಟೋ ಮಂದಿ ಅರಿಯರು. ಕರ್ನಾಟಕವೇ ಈ ಹಾದಿಯಲ್ಲಿ ಮೊದಲಿನದಲ್ಲ. ದೆಹಲಿಯಲ್ಲಿ 2019ರ ಅಕ್ಟೋಬರಿನಿಂದ, ಪಂಜಾಬು, ತಮಿಳುನಾಡುಗಳಲ್ಲಿ 2021ರಿಂದ ಇಂಥ ಏರ್ಪಾಡು ಬಂದಿದ್ದಿತು. ಬೆಂಗಳೂರಿನಲ್ಲಿಯೂ 2022ರಲ್ಲಿ ಗಾರ್ಮೆಂಟ್ಸ್ ಹೆಂಗಸರಿಗಾಗಿ ‘ವನಿತಾ ಸಂಗಾತಿ’ ಎಂಬ ರಿಯಾಯಿತಿಯ ಪಾಸು ಬಂದಿದ್ದಿತು. ಆದರೆ ಪಾಸು ಕಾರ್ಖಾನೆಯ ಮೂಲಕ ಬರಬೇಕು. ಮನೆಗೆಲಸದವಳಿಗೆ, ಹೂ ಮಾರುವವಳಿಗೆ ಯಾವ ಕಾರ್ಖಾನೆ ಸಾಕ್ಷಿ ಹೇಳೀತು? ‘ಶಕ್ತಿ’ಯು ಯಾರನ್ನೂ ಈ ಪ್ರಶ್ನೆ ಕೇಳಲಿಲ್ಲ. ಅದರ ಬಲವಿರುವುದು ಈ ಒಂದು ಅಂಶದಲ್ಲಿ.

2025ರ ಜುಲೈ 14ರಂದು ಈ ಯೋಜನೆಯ ಪ್ರಯಾಣಗಳ ಸಂಖ್ಯೆಯು 500 ಕೋಟಿಯನ್ನು ಮುಟ್ಟಿತೆಂದು ಸರ್ಕಾರವು ಸಮಾರಂಭವನ್ನು ನಡೆಸಿತು. ಎರಡು ವರ್ಷ ಒಂದು ತಿಂಗಳ ಈ ಅವಧಿಗೆ ಹಂಚಿದರೆ ದಿನಕ್ಕೆ ಸುಮಾರು 65 ಲಕ್ಷ ಪ್ರಯಾಣಗಳಾದುವು. ಇವರೆಲ್ಲ ಧರ್ಮಸ್ಥಳಕ್ಕೂ ಮಲೆ ಮಹದೇಶ್ವರನ ಬೆಟ್ಟಕ್ಕೂ ಹೋದವರೆಂದು ಆರಂಭದಲ್ಲಿ ಹಾಸ್ಯ ಮಾಡಿದವರುಂಟು. ಯಾತ್ರೆಗೆ ಹೋದವರು ಹೋಗಿಯೇ ಇದ್ದಾರೆ. ಬಾಳೆಲ್ಲ ಒಲೆಯ ಮುಂದೆ ಕಳೆದ ಮುದುಕಿಯೊಬ್ಬಳು ದೇವರ ಗುಡಿಯನ್ನು ಕಂಡುಬಂದರೆ ಅದನ್ನು ದೋಷವೆನ್ನಲು ಬಾಯಿ ಬಾರದು. ಆದರೆ ಯಾತ್ರೆಯು ವರ್ಷಕ್ಕೊಂದು ಸಲ. ಬೆಳಗಿನ ಏಳು ಗಂಟೆಗೆ ಮೆಜೆಸ್ಟಿಕ್ಕಿನ ನಿಲ್ದಾಣದಲ್ಲೋ ಹುಬ್ಬಳ್ಳಿಯ ನಿಲ್ದಾಣದಲ್ಲೋ ನಿಂತು ನೋಡಿದವರಿಗೆ, ಬುತ್ತಿಯ ಚೀಲ ಹಿಡಿದು ಇಳಿಯುವ ಹೆಂಗಸರ ಸಾಲು ಯಾವ ದೇವಸ್ಥಾನದ ಕಡೆಗೆ ಹೋಗುತ್ತಿದೆಯೆಂಬುದು ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಕೊರತೆಗಳನ್ನೂ ಮುಚ್ಚಿಡಬಾರದು. ಮೊದಲನೆಯ ಕೊರತೆಯು ಸರ್ಕಾರಿ ಬಸ್ಸೇ ಇಲ್ಲದ ಕಡೆಯದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಬಹುಕಾಲದಿಂದ ಖಾಸಗಿ ಬಸ್ಸುಗಳದೇ ಪ್ರಾಬಲ್ಯ. ಮಲೆನಾಡಿನ ಹಲವು ದಾರಿಗಳಲ್ಲಿಯೂ ಹಾಗೆಯೇ. ಗೇರುಬೀಜದ ಕಾರ್ಖಾನೆಗೆ ಹೋಗುವ ಅಲ್ಲಿಯ ತಾಯಿಯು ಖಾಸಗಿ ಬಸ್ಸಿಗೆ ಹಣವನ್ನು ಎಣಿಸಿಯೇ ಕೊಡಬೇಕು. ಒಂದೇ ರಾಜ್ಯದ ಒಬ್ಬ ಬಡ ತಾಯಿಗೆ ದೊರೆತದ್ದು ಇನ್ನೊಬ್ಬಳಿಗೆ ದೊರೆಯದಿರುವುದಕ್ಕೆ ಅವಳ ಊರಿನ ರಸ್ತೆಯ ಚರಿತ್ರೆಯ ಹೊರತು ಬೇರೆ ಕಾರಣವಿಲ್ಲ. ಬೆಂಗಳೂರಿನ ಮೆಟ್ರೋ ರೈಲಿಗೂ ಈ ಯೋಜನೆ ಅನ್ವಯಿಸುವುದಿಲ್ಲ.

ಎರಡನೆಯದು ತಂದೆಯ ವಿಷಯ. ಹೆಂಡತಿ ತೀರಿಕೊಂಡು ಎರಡು ಮಕ್ಕಳನ್ನು ಸಾಕುವ ಗಾರೆ ಕೆಲಸದವನೂ ದುಡಿಯುವ ಬಡ ತಂದೆತಾಯಿಗಳಲ್ಲಿ ಒಬ್ಬನೇ. ಅವನಿಗೆ ಪೂರಾ ಟಿಕೇಟು. ಅದರ ಮೇಲೆ 2025ರ ಜನವರಿಯಲ್ಲಿ ನಾಲ್ಕೂ ನಿಗಮಗಳ ಬಸ್ ದರವು ನೂರಕ್ಕೆ 15ರಷ್ಟು ಏರಿತು. ಹೆಂಗಸರಿಗೆ ಬಿಟ್ಟಿ ಕೊಟ್ಟುದರ ಭಾರವನ್ನು ಗಂಡಸಿನ ಮೇಲೆ ಹಾಕಿದರೆಂಬ ದೂರು ಆಗ ಎಲ್ಲೆಡೆ ಕೇಳಿಬಂದಿತು. ಡೀಸೆಲ್ಲಿನ ಬೆಲೆ, ನೌಕರರ ವೇತನಗಳ ಏರಿಕೆಯೇ ಕಾರಣವೆಂದು ಸರ್ಕಾರವು ಉತ್ತರ ಹೇಳಿತು. ಕಾರಣ ಯಾವುದೇ ಇರಲಿ, ಒಂದೇ ಒಲೆಯ ಅನ್ನ ಉಣ್ಣುವ ಸಂಸಾರದಲ್ಲಿ ಒಬ್ಬರ ಜೇಬಿನಲ್ಲಿ ಉಳಿದುದರ ಒಂದು ಭಾಗವು ಇನ್ನೊಬ್ಬರ ಜೇಬಿನಿಂದ ಹೋಗುತ್ತದೆಂಬುದು ನಿಜ. ಆಟೋರಿಕ್ಷಾ ಓಡಿಸುವವನ ಮಾತೂ ಇದೆ. ಅವನೂ ಬಡವನೇ, ಅವನಿಗೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅವನ ಬಾಡಿಗೆ ಕಡಮೆಯಾಯಿತು. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ನಡೆಸಿದಾಗ ಅವರ ದೂರುಗಳಲ್ಲಿ ಇದೂ ಒಂದಾಗಿದ್ದಿತು.

ಮೂರನೆಯ ಕೊರತೆಯೇ ಎಲ್ಲಕ್ಕಿಂತ ಆಳವಾದುದು. ಬಿಟ್ಟಿಯಾದ ಬಸ್ಸು ಬಾರದೆ ಹೋದರೆ, ಬಂದರೂ ಹತ್ತಲು ಎಡೆಯಿಲ್ಲದೆ ಹೋದರೆ, ಟಿಕೇಟಿನ ಬೆಲೆ ಶೂನ್ಯವಾದರೇನು, ನೂರಾದರೇನು? ಪ್ರಯಾಣಿಕರು ಏರಿದಷ್ಟು ವೇಗದಲ್ಲಿ ಬಸ್ಸುಗಳ ಸಂಖ್ಯೆ ಏರಲಿಲ್ಲ. ಬೆಂಗಳೂರು ನಗರ ಸಾರಿಗೆಯನ್ನು ಬಿಟ್ಟು ಉಳಿದ ಮೂರು ನಿಗಮಗಳಲ್ಲಿ ಅರ್ಧದಷ್ಟು ಆಸನಗಳನ್ನು ಗಂಡಸರಿಗೆ ಮೀಸಲಿಡಬೇಕೆಂದು ಆಜ್ಞೆಯಿದೆ. ಕಿಕ್ಕಿರಿದ ಬಸ್ಸಿನಲ್ಲಿ ಆ ಆಜ್ಞೆಯನ್ನು ಓದುವವರಾರು? ಹಣ ಕೊಡುವ ಪ್ರಯಾಣಿಕನಿದ್ದಲ್ಲಿ ಮಾತ್ರ ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುತ್ತದೆ, ಹೆಂಗಸರೇ ನಿಂತಿರುವ ನಿಲ್ದಾಣವನ್ನು ಹಾಯ್ದು ಹೋಗುತ್ತಾನೆಂಬ ದೂರು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅತ್ತ ಚಾಲಕ, ನಿರ್ವಾಹಕರ ಕಷ್ಟವೂ ಕಡಮೆಯದಲ್ಲ. 38 ತಿಂಗಳ ವೇತನ ಹೆಚ್ಚಳದ ಬಾಕಿಗಾಗಿ 2025ರ ಆಗಸ್ಟ್ 5ರಂದು ನಿಗಮಗಳ ನೌಕರರು ಮುಷ್ಕರ ಹೂಡಿದರು. ಅಂದು ಬಸ್ಸು ಹೊರಡದ ಊರುಗಳಲ್ಲಿ ಕೂಲಿಯೂ ಹೊರಡಲಿಲ್ಲ. ಹುಟ್ಟು ಹಾಕುವವನ ಹೊಟ್ಟೆಯನ್ನು ಮರೆತು ದೋಣಿಯ ಧರ್ಮವನ್ನು ನಡೆಸಲಾಗದು.

ಕೂಸಿನ ವಿಚಾರಕ್ಕೆ ಬಂದರೆ ತೊಡಕು ಇನ್ನೂ ಬಿಗಿಯಾಗುತ್ತದೆ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿಯಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿದ್ದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನ ಕೇಂದ್ರವಿರಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ಹೇಳಿತು. ಒಳ್ಳೆಯ ಕಾನೂನು. ಆದರೆ ಎರಡು ವರ್ಷದ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಕಾಲೂರಲು ಜಾಗವಿಲ್ಲದ ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಬರುವ ಬಗೆಯನ್ನು ಕಾನೂನು ಹೇಳಲಿಲ್ಲ. ಕಾರ್ಖಾನೆಯೊಳಗೆ ತೊಟ್ಟಿಲಿದ್ದೂ ಕೂಸು ಹಳ್ಳಿಯಲ್ಲಿ ಉಳಿಯುವುದಕ್ಕೆ ಕಾರಣವಿದು. ಹಳ್ಳಿಯಲ್ಲಿ ಅಜ್ಜಿಯಿಲ್ಲದಿದ್ದರೆ ತಾಯಿಯೇ ಉಳಿಯುತ್ತಾಳೆ. ಅಂಗನವಾಡಿಯು ಇದೆ, ಅದು ಮಧ್ಯಾಹ್ನವಾದ ಮೇಲೆ ಮಗುವನ್ನು ಮನೆಗೆ ಕಳುಹಿಸುತ್ತದೆ, ತಾಯಿಯ ಬಸ್ಸು ಬರುವುದು ಏಳಕ್ಕೆ. 2023ರ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರನ್ನು ನೆನೆದು ಮಾಡಿದ ಈ ಯೋಜನೆಯನ್ನು ಪಟ್ಟಣಕ್ಕೆ ಹೋಗುವ ತಾಯಿಯ ಹೊತ್ತಿಗೂ ಹೊಂದಿಸಿದರೆ, ಬಸ್ಸಿಗಾಗಿ ವೆಚ್ಚವಾಗುವ ಹಣಕ್ಕೆ ಇನ್ನೂ ಹೆಚ್ಚಿನ ಫಲ ಬಂದೀತು.

ಇಲ್ಲಿಯವರೆಗೆ ಸರ್ಕಾರದ ಮಾತಾಯಿತು. ಗೃಹಸ್ಥನ ಮಾತೂ ಉಂಟು. ಅಂಗಡಿ, ಗಿರಣಿ, ರೈಸ್‌ಮಿಲ್ಲು, ಶಾಲೆ ನಡೆಸುವವರು ನಮ್ಮ ಸಮಾಜದಲ್ಲಿ ಬಹಳ. ಮನೆಗೆಲಸದವಳನ್ನು ಇಟ್ಟುಕೊಂಡ ಮನೆಗಳು ಇನ್ನೂ ಬಹಳ. ಬೆಳಗಿನ ಆರೂವರೆಗೆ ಪಾತ್ರೆ ತೊಳೆಯಲು ಬರಬೇಕೆಂದು ಕಟ್ಟುಮಾಡಿದ ಯಜಮಾನಿಯು ಆ ಹೆಂಗಸಿನ ಊರಿಂದ ಮೊದಲ ಬಸ್ಸು ಎಷ್ಟಕ್ಕೆ ಹೊರಡುತ್ತದೆಂದು ಎಂದಾದರೂ ಕೇಳಿದ್ದುಂಟೆ? ಏಳಕ್ಕೆ ಬಂದಳೆಂದು ಮುಖ ಗಂಟಿಕ್ಕಿಕೊಂಡು, ಲಿಂಗಪೂಜೆಗೆ ನೀರು ತಡವಾಯಿತೆಂದು ಹಲುಬುವುದರಲ್ಲಿ ಯಾವ ಆಚಾರವೂ ಇಲ್ಲ. ತಡವಾದ ಹೊತ್ತಿಗೆ ಸರಿಯಾದಷ್ಟು ಕೂಲಿಯನ್ನು ಮಾತ್ರ ಕಳೆಯಬಹುದು, ಅದಕ್ಕೆ ಮೀರಿ ಕಳೆಯತಕ್ಕದ್ದಲ್ಲವೆಂಬ ತತ್ತ್ವವು 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ಇದ್ದಿತು. 2019ರ ವೇತನ ಸಂಹಿತೆಯಲ್ಲಿಯೂ ಇದೆ. ಹತ್ತು ನಿಮಿಷಕ್ಕೆ ಅರ್ಧ ದಿನವನ್ನು ಕತ್ತರಿಸುವ ಅಂಗಡಿಯ ಯಜಮಾನನು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಲೇಸು. ಮನೆಗೆಲಸವನ್ನು ಕರ್ನಾಟಕ ಸರ್ಕಾರವು 2004ರಲ್ಲಿ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿದ್ದರೂ, ಮನೆಯ ಬಾಗಿಲೊಳಗೆ ಇಣುಕಿ ನೋಡುವ ಇನ್‌ಸ್ಪೆಕ್ಟರನಿಲ್ಲ. ಅಲ್ಲಿ ಕಾನೂನಿನ ಜಾಗದಲ್ಲಿ ಇರುವುದು ಯಜಮಾನನ ಮನಸ್ಸೊಂದೇ. ಗಂಡನು ತಂದ ಅಕ್ಕಿ ಎಂದಿಗಿಂತ ಹೆಚ್ಚಾಯಿತೆಂದು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಕಥೆಯನ್ನು ಪುರಾಣ ಪ್ರವಚನದಲ್ಲಿ ಕೇಳಿ ತಲೆದೂಗುವವರು, ಅನ್ಯರ ದುಡಿಮೆಯಲ್ಲಿ ತಮ್ಮದಲ್ಲದ ಅರ್ಧ ದಿನವನ್ನು ಇಟ್ಟುಕೊಂಡರೆ ಆ ಕಥೆ ಕೇಳಿದ್ದು ಯಾತಕ್ಕೆ?

ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯೂ ಕೆಲಸದ ಅಂಗವೇ ಎಂಬ ವಿಚಾರವನ್ನು ಕಾನೂನು ಮೆಲ್ಲಮೆಲ್ಲನೆ ಒಪ್ಪುತ್ತಿದೆ. ನೌಕರರ ರಾಜ್ಯ ವಿಮಾ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯು, ಕೆಲಸಕ್ಕೆ ಹೋಗುವಾಗ ಇಲ್ಲವೆ ಮರಳುವಾಗ ಆದ ಅಪಘಾತವನ್ನು, ಕೆಲಸಕ್ಕೂ ಅದಕ್ಕೂ ಸಂಬಂಧವಿರುವಲ್ಲಿ, ಕೆಲಸದಲ್ಲಿಯೇ ಆದ ಅಪಘಾತವೆಂದು ಭಾವಿಸಿತು. 2019ರಲ್ಲಿ ಕರ್ನಾಟಕದ ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿಪಾಳಿಯಲ್ಲಿ ದುಡಿಯಬಹುದೆಂದು ಅನುಮತಿ ಕೊಟ್ಟಾಗ, ಅವರನ್ನು ಕರೆತಂದು ಬಿಟ್ಟುಬರುವ ವಾಹನದ ವ್ಯವಸ್ಥೆಯನ್ನೂ ಯಜಮಾನನ ಹೊಣೆಯೆಂದು ವಿಧಿಸಲಾಯಿತು. ಹಗಲಿನ ಪಾಳಿಗೂ ತಮ್ಮದೇ ವ್ಯಾನು ಕಳುಹಿಸಿ ಹಳ್ಳಿಗಳಿಂದ ಆಳುಗಳನ್ನು ಕರೆತರುವ ಕಾರ್ಖಾನೆಗಳು ಉಂಟು. ಧರ್ಮಬುದ್ಧಿಯಿಂದಲೇ ಮಾಡುತ್ತಾರೆಂದು ಹೇಳುವಂತಿಲ್ಲ. ಕಲಿತ ಕೈಯೊಂದು ಬಿಟ್ಟುಹೋದರೆ ಹೊಸಬಳಿಗೆ ಕಲಿಸುವ ತಿಂಗಳುಗಟ್ಟಲೆಯ ನಷ್ಟಕ್ಕಿಂತ ವ್ಯಾನಿನ ಡೀಸೆಲ್ಲು ಅಗ್ಗವೆಂಬ ಲೆಕ್ಕ ಅವರಿಗೆ ತಿಳಿದಿದೆ. ಲೆಕ್ಕದಿಂದ ಮಾಡಿದರೂ ತಾಯಿಯು ಹೊತ್ತಿಗೆ ಮನೆ ಸೇರುತ್ತಾಳೆ.

ಹಳ್ಳಿಯ ಹಿರಿಯರಿಂದ ಆಗಬಹುದಾದ ಒಂದು ಕೆಲಸವಿದೆ. ಅದಕ್ಕೆ ಹಣ ಬೇಕಿಲ್ಲ. ಯಾವ ಊರಿಗೆ ಯಾವ ಹೊತ್ತಿಗೆ ಬಸ್ಸು ಹೋಗಬೇಕೆಂಬ ಷೆಡ್ಯೂಲು ನಿಗಮದ ಡಿಪೋ ಮತ್ತು ವಿಭಾಗದ ಕಛೇರಿಗಳಲ್ಲಿ ನಿರ್ಣಯವಾಗುತ್ತದೆ. ‘ನಮ್ಮೂರಿಗೆ ಇನ್ನೊಂದು ಬಸ್ಸು ಬೇಕು’ ಎಂದು ಬರೆದ ಅರ್ಜಿಗಳು ಅಲ್ಲಿ ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ಹಾಗೆ ಬರೆಯುವುದಕ್ಕೆ ಬದಲಾಗಿ, ಊರಿನಿಂದ ದಿನವೂ ಕೆಲಸಕ್ಕೆ ಹೋಗುವ ಹೆಂಗಸರು ಎಷ್ಟು, ಗಂಡಸರು ಎಷ್ಟು, ಯಾವ ಕಾರ್ಖಾನೆಯ ಬಾಗಿಲಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಈಗಿರುವ ಬಸ್ಸು ಎಷ್ಟು ನಿಮಿಷ ತಡವಾಗಿ ಬರುತ್ತದೆ ಎಂಬುದನ್ನು ಒಂದು ವಾರ ಬಸ್‌ಸ್ಟಾಂಡಿನಲ್ಲಿ ನಿಂತು ಎಣಿಸಿ, ಪಂಚಾಯತಿಯ ಮೊಹರಿನೊಡನೆ ಕಳುಹಿಸಿದರೆ ಡಿಪೋದ ವ್ಯವಸ್ಥಾಪಕನಿಗೆ ಹೇಳಲು ಉತ್ತರವೊಂದು ಬೇಕಾಗುತ್ತದೆ. ಹಲವು ಸಲ ಹೊಸ ಬಸ್ಸೇ ಬೇಕಾಗಿರುವುದಿಲ್ಲ. ರಾತ್ರಿ ಊರಲ್ಲಿ ತಂಗುವ ಬಸ್ಸು ಬೆಳಗ್ಗೆ ಏಳರ ಬದಲು ಆರೂ ಕಾಲಿಗೆ ಹೊರಟರೆ, ಆ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ಮೂವತ್ತು ಸಂಸಾರಗಳ ಹಾಜರಿ ಭತ್ಯೆ ಉಳಿಯುತ್ತದೆ. ಹಾಗೆ ಹೊತ್ತು ಬದಲಾಯಿಸುವಾಗ ಶಾಲೆಯ ಮಕ್ಕಳ ಬಸ್ಸು ತಪ್ಪುವುದೋ ಇಲ್ಲವೋ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.